ಔಟಾದವನಿಗೆ ಚಪ್ಪಾಳೆ

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ತಾನಾಗಿಯೇ ತಿಳಿಯುತ್ತದೆಂಬ ಮಾತು ರೂಢಿಯಲ್ಲಿದೆ. ವಾಸ್ತವದಲ್ಲಿ ಕ್ರಿಕೆಟ್ ಬಲ್ಲವರಿಗೇ ಅದು ಹೆಚ್ಚು ತೊಡಕಾಗುತ್ತದೆ. 2024ರ ಬೇಸಿಗೆಯಲ್ಲಿ ಬೋಸ್ಟನ್ನಿನಲ್ಲಿರುವ ಮಗನ ಮನೆಗೆ ಮೊದಲ ಬಾರಿ ಹೋದ ಧಾರವಾಡ ಸೀಮೆಯ ಹಿರಿಯರೊಬ್ಬರ ಅನುಭವವೂ ಇದೇ ಆಗಿತ್ತು. ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿ ನಿವೃತ್ತರಾದ ಅವರನ್ನು ಮಗನು ಒಂದು ಸಂಜೆ ಫೆನ್‌ವೇ ಪಾರ್ಕಿಗೆ ಕರೆದೊಯ್ದನು.

1912ರಲ್ಲಿ ತೆರೆದ ಆ ಕ್ರೀಡಾಂಗಣವು ಅಮೆರಿಕದ ಮೇಜರ್ ಲೀಗ್ ಅಂಗಣಗಳಲ್ಲಿ ಅತ್ಯಂತ ಹಳೆಯದು. ಅದರ ಎಡಭಾಗದಲ್ಲಿ 37 ಅಡಿಗೂ ಎತ್ತರದ ಹಸಿರು ಗೋಡೆ; ಗೋಡೆಯ ಬುಡದಲ್ಲಿ ಇಂದಿಗೂ ಮನುಷ್ಯರೇ ಒಳಗೆ ನಿಂತು ಅಂಕಿಯ ಹಲಗೆಗಳನ್ನು ಬದಲಿಸುವ ಅಂಕಫಲಕ. ಗುರುಗಳ ದೃಷ್ಟಿ ಮೊದಲು ನೆಟ್ಟದ್ದು ಅಲ್ಲಿಯೇ. ಓಟಗಳಿಗೊಂದು, ಹೊಡೆತಗಳಿಗೊಂದು ಅಂಕಣವಿದ್ದುದು ಸಹಜವೇ. ಅವುಗಳ ಪಕ್ಕದಲ್ಲಿ ತಪ್ಪುಗಳಿಗೂ ಒಂದು ಅಂಕಣವಿತ್ತು. ಕೈಗೆ ಬಂದ ಚೆಂಡನ್ನು ಕೈಬಿಟ್ಟರೆ ನೆರೆದ ಸಾವಿರಾರು ಜನರಿಗೆ ಕಾಣುವಂತೆ ಲೆಕ್ಕ! ಈ ಕಟ್ಟುನಿಟ್ಟು ಅವರಿಗೆ ಬಹಳ ಮೆಚ್ಚಿಗೆಯಾಯಿತು.

ಆಟ ಮಾತ್ರ ಹಿಡಿತಕ್ಕೆ ಸಿಗಲಿಲ್ಲ. ಬ್ಯಾಟಿಗೆ ಸವರಿದ ಚೆಂಡು ಹಿಂದಕ್ಕೆ ಚಿಮ್ಮಿದಾಗ ಅವರೊಬ್ಬರೇ ಚಪ್ಪಾಳೆ ತಟ್ಟಿದರು. ಕ್ರಿಕೆಟ್ಟಿನಲ್ಲಿ ನಾಲ್ಕು ಓಟ ತರಬಹುದಾದ ಹೊಡೆತ ಇಲ್ಲಿ ಫೌಲ್. ಔಟಾಗಿ ಹೋದವನು ಕೆಲಹೊತ್ತಿನ ಮೇಲೆ ಮತ್ತೆ ಬ್ಯಾಟು ಹಿಡಿದು ಬಂದುದು ಇನ್ನೂ ವಿಚಿತ್ರವೆನಿಸಿತು. ಇದೇ ತಂಡದ ಟೆಡ್ ವಿಲಿಯಮ್ಸ್ 1941ರಲ್ಲಿ 456 ಸರದಿಗಳಲ್ಲಿ 185 ಸಲ ಯಶಸ್ವಿಯಾಗಿ ಹೊಡೆದರು, ಸರಾಸರಿ .406, ಅಂದಿನಿಂದ ಅಮೆರಿಕನ್ ಲೀಗಿನಲ್ಲಿ ಯಾರೂ .400 ಮುಟ್ಟಿಲ್ಲ ಎಂದು ಮಗನು ಅಭಿಮಾನದಿಂದ ಹೇಳಿದಾಗ ಅವರು ನಕ್ಕುಬಿಟ್ಟರು.

"ನೂರಕ್ಕ ನಾಲ್ವತ್ತು! ನಮ್ಮ ಸಾಲ್ಯಾಗ ಅದು ಬರೇ ಪಾಸು."

ಏಳನೆಯ ಇನಿಂಗ್ಸಿನ ಉತ್ತರಾರ್ಧ. ಓಟಗಳು ಸಮ. ಮೊದಲ ಬೇಸಿನಲ್ಲಿ ಒಬ್ಬ ಆಟಗಾರ ಕಾದು ನಿಂತಿದ್ದಾನೆ. ಬ್ಯಾಟು ಹಿಡಿದವನು ಬೀಸಲೇ ಇಲ್ಲ. ಅದನ್ನು ಅಡ್ಡಲಾಗಿ ಹಿಡಿದು ಚೆಂಡನ್ನು ಮೆತ್ತಗೆ ನೆಲಕ್ಕಿಳಿಸಿದನು. ಅದು ನಾಲ್ಕು ಮಾರು ಉರುಳುವಷ್ಟರಲ್ಲಿ ಮುಂದಿದ್ದವನು ಎರಡನೆಯ ಬೇಸು ಸೇರಿದನು, ಹೊಡೆದವನು ಔಟಾದನು. ಜನರೆಲ್ಲ ಚಪ್ಪಾಳೆ ತಟ್ಟಿದರು. ತಂಡದವರು ಒಬ್ಬೊಬ್ಬರಾಗಿ ಅವನ ಅಂಗೈಗೆ ಅಂಗೈ ತಟ್ಟಿ ಒಳಗೆ ಬರಮಾಡಿಕೊಂಡರು.

"ಔಟಾದವಗ ಯಾಕ ಚಪ್ಪಾಳಿ?"

"ಅದಕ್ಕ ಸ್ಯಾಕ್ರಿಫೈಸ್ ಅಂತಾರಪ್ಪಾ. ಇನ್ನೊಬ್ಬನ್ನ ಮುಂದ ದಾಟಸಾಕ ತಾ ಔಟ್ ಆಗೂದು."

ಈ ಪದವನ್ನು ಕನ್ನಡಕ್ಕೆ ತರುವುದು ಸುಲಭವಲ್ಲ. ‘ಬಲಿ’ ಎಂದರೆ ಕ್ರೂರವಾಗುತ್ತದೆ, ‘ತ್ಯಾಗ’ ಎಂದರೆ ಭಾಷಣದ ಮಾತಾಗುತ್ತದೆ. ‘ಬಿಟ್ಟುಕೊಡುವುದು’ ಎಂಬ ಮನೆಮಾತೇ ಹತ್ತಿರದ್ದು.

ಗುರುಗಳಿಗೆ ಪದಕ್ಕಿಂತ ಲೆಕ್ಕ ಮುಖ್ಯವಾಗಿತ್ತು. ಹಾಗೆ ಔಟಾದವನ ಸರಾಸರಿ ಇಳಿಯುವುದಿಲ್ಲವೇ ಎಂದು ವಿಚಾರಿಸಿದರು. ಇಳಿಯುವುದಿಲ್ಲ, ಹೊಡೆತಗಳನ್ನು ಸರದಿಗಳಿಂದ ಭಾಗಿಸುವಾಗ ಈ ಸರದಿಯನ್ನು ಛೇದದಲ್ಲಿ ಸೇರಿಸುವುದೇ ಇಲ್ಲ. ಆದರೆ ಅವನು ತನಗಾಗಿಯೇ ಬೇಸು ಮುಟ್ಟಲು ಯತ್ನಿಸಿ ಔಟಾಗಿದ್ದರೆ ಅದು ಸ್ಯಾಕ್ರಿಫೈಸ್ ಅಲ್ಲ. ಅವನ ಉದ್ದೇಶ ಯಾವುದಿತ್ತೆಂದು ನೋಡಿ ಬರೆಯಲು ಪ್ರತಿ ಪಂದ್ಯಕ್ಕೂ ಅಧಿಕೃತ ಲೆಕ್ಕಿಗನೊಬ್ಬನಿರುತ್ತಾನೆ.

"ಛೇದದಾಗ ಹಿಡಿಯೂದಿಲ್ಲ," ಎಂದು ಅವರು ಮೆಲ್ಲಗೆ ಹೇಳಿಕೊಂಡರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಅವರಿಗೆ ಮಗಳೊಬ್ಬಳಿದ್ದಾಳೆ, ಈ ಮಗನಿಗೆ ಅಕ್ಕ. ಪಿಯುಸಿಯಲ್ಲಿ ಪ್ರಥಮ ದರ್ಜೆ ಬಂದ ವರುಷವೇ ತಾಯಿ ಹಾಸಿಗೆ ಹಿಡಿದರು. ಮನೆಯಲ್ಲಿ ಯಾರಾದರೂ ಇರಲೇಬೇಕಿತ್ತು, ಮಗಳು ಉಳಿದಳು. ತಮ್ಮನು ಇಂಜಿನಿಯರಿಂಗಿಗೆ ಹೋದನು, ಅಲ್ಲಿಂದ ಅಮೆರಿಕೆಗೆ. ಬಂಧುಬಳಗದವರು ಮಕ್ಕಳ ವಿಷಯ ಕೇಳಿದಾಗಲೆಲ್ಲ "ಮಗಳಿಗೆ ಓದು ಅಷ್ಟಕ್ಕಷ್ಟೆ" ಎಂದು ಗುರುಗಳು ಉತ್ತರಿಸುತ್ತ ಬಂದಿದ್ದರು. ಆ ಮಾತನ್ನು ಮಗಳು ಅಡುಗೆಮನೆಯಿಂದ ಎಷ್ಟು ಸಲ ಕೇಳಿಸಿಕೊಂಡಿದ್ದಳೋ. ಮಗನಂತೂ ಎದುರಿಗೇ ಕುಳಿತು ಕೇಳಿದ್ದನು, ಒಮ್ಮೆಯೂ ತಿದ್ದಿರಲಿಲ್ಲ.

"ಅಕ್ಕಗ ಫೋನ್ ಹಚ್ಚು," ಎಂದರು ಗುರುಗಳು.

ಬೋಸ್ಟನ್ನಿನಲ್ಲಿ ಆಗ ರಾತ್ರಿ ಒಂಬತ್ತೂವರೆ. ಊರಿನಲ್ಲಿ ಬೆಳಗಿನ ಏಳು. ಎಂಟನೆಯ ಇನಿಂಗ್ಸಿನ ನಡುವೆ ಅಲ್ಲಿ ‘ಸ್ವೀಟ್ ಕ್ಯಾರೊಲೈನ್’ ಹಾಡನ್ನು ಇಡೀ ಅಂಗಣವೇ ಎದ್ದು ಹಾಡುವ ಪದ್ಧತಿಯಿದೆ. ಕರೆ ಸೇರಿದ್ದೂ ಅದೇ ಗಳಿಗೆಗೆ.

"ಯಪ್ಪಾ, ಏನ್ ಗದ್ದಲರೀ ಅದು? ಜಾತ್ರ್ಯಾಗ ಅದೀರೇನು? ಆರಾಮ ಅದೀರಿಲ್ಲೋ?"

"ಆರಾಮ ಅದೀನವಾ. ಇಲ್ಲೊಂದು ಲೆಕ್ಕ ಐತಿ. ನಿನಗ ಹೇಳಬೇಕು."

"ಒಂದ್ ನಿಮಿಷ ತಡೀರಿ, ಹಾಲು ಉಕ್ಕಾಕತ್ತೈತಿ."

ಹಾಡು ಮುಗಿಯಿತು, ಜನ ಕುಳಿತರು, ಆಟ ಮತ್ತೆ ಆರಂಭವಾಯಿತು. ಗುರುಗಳು ಅಂಗಣದತ್ತ ನೋಡದೆ, ಫೋನನ್ನು ಕಿವಿಗೆ ಒತ್ತಿ ಹಿಡಿದು, ಅವಳು ಒಲೆಯಿಂದ ಮರಳಿ ಬರುವುದನ್ನೇ ಕಾಯುತ್ತಿದ್ದರು.