ಎಂಜಿನ್ನಿನ ಉಸಿರು

ಪೆಟ್ರೋಲು ಜಾಸ್ತಿ ಕುಡಿಸಿದರೆ ಗಾಡಿ ಜೋರಾಗಿ ಓಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕುಡಿಸುವುದು ಸುಲಭ. ಅದನ್ನು ಉರಿಸುವಷ್ಟು ಗಾಳಿಯನ್ನು ಒಳಗೆ ಎಳೆದುಕೊಳ್ಳುವುದೇ ಎಂಜಿನ್ನಿಗೆ ಕಷ್ಟ. ಬಿಚ್ಚಿ ಕಟ್ಟುವ ಹುಚ್ಚಿರುವ ನಮ್ಮಂಥವರ ಸುಖವೆಲ್ಲ ಈ ಉಸಿರಿನಲ್ಲೇ ಇದೆ.

ಕಾರು ರೇಸಿನವರು ಅದಕ್ಕೆ ಹಿಡಿದ ಅಡ್ಡದಾರಿ ನೈಟ್ರಸ್ ಆಕ್ಸೈಡ್. 1799ರಲ್ಲಿ ಹಂಫ್ರಿ ಡೇವಿ ತಾನೇ ಮೂಸಿ ನೋಡಿದ ನಗೆ ಅನಿಲ. ಗಾಳಿಯ ತೂಕದಲ್ಲಿ ಆಮ್ಲಜನಕ ಶೇ. 23ರಷ್ಟಿದ್ದರೆ ಇದರಲ್ಲಿ ಶೇ. 36. ಸಿಲಿಂಡರಿನ ಕಾವಿಗೆ ಅಣು ಒಡೆದು ಆ ಆಮ್ಲಜನಕ ಬಿಡುಗಡೆಯಾಗುತ್ತದೆ. ಬಾಟ್ಲಿಯೊಳಗೆ ಒತ್ತಡಕ್ಕೆ ದ್ರವವಾಗಿದ್ದದ್ದು ಹೊರಬಂದು ಆವಿಯಾಗುವಾಗ ಕೊರೆಯುವಷ್ಟು ತಣ್ಣಗಿರುವುದರಿಂದ, ಒಳಗೆ ಹೋಗುವ ಗಾಳಿಯೂ ದಟ್ಟವಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ತೆಳುಗಾಳಿಯ ಎತ್ತರಕ್ಕೇರುವ ವಿಮಾನಗಳಿಗೆ ಇದನ್ನೇ ಊಡಿದ್ದರು. ಜತೆಗೆ ಲೆಕ್ಕದ ಪೆಟ್ರೋಲು ಹೋಗದಿದ್ದರೆ ಮಾತ್ರ ಪಿಸ್ಟನ್ನಿನ ತಲೆಯೇ ಕರಗಿ ತೂತು ಬೀಳುತ್ತದೆ.

ಮೈಸೂರಿನ ಜಯಲಕ್ಷ್ಮಿಪುರಂನಲ್ಲಿರುವ ನನಗೆ ಆ ಬಾಟ್ಲಿಯ ಆಸೆಯಿಲ್ಲ. ಪಕ್ಕದ ಯಾದವಗಿರಿಯಲ್ಲೇ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯಿತ್ತು. 1961ರಿಂದ ಜಾವಾ, ಆಮೇಲೆ ಯೆಜ್ಡಿ. 1996ರಲ್ಲಿ ಬಾಗಿಲು ಹಾಕಿತು. ನನ್ನ ರೋಡ್‌ಕಿಂಗ್ ಅಲ್ಲಿಯದೇ. 65 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು, ಒಂದೇ ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು. ಕಿಕ್ ಹೊಡೆಯುವುದೂ ಗೇರು ಹಾಕುವುದೂ ಒಂದೇ ಲಿವರಿನಲ್ಲಿ.

ಇದರಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವುಗಳಿಲ್ಲ. ಪಿಸ್ಟನ್ನೇ ಏರಿಳಿಯುತ್ತ ಗೋಡೆಯ ಕಿಂಡಿಗಳನ್ನು ಮುಚ್ಚಿ ತೆರೆಯುತ್ತದೆ. ಹೊಗೆ ಹೊರಡುವ ಗಳಿಗೆಯಲ್ಲೇ ಹೊಸ ಮಿಶ್ರಣವೂ ನುಗ್ಗುವುದರಿಂದ ಅದರಲ್ಲಿ ಒಂದಿಷ್ಟು ಉರಿಯದೆಯೇ ಹೊಗೆಯ ಹಿಂದೆ ಓಡಿಹೋಗುತ್ತದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ವಾಲ್ಟರ್ ಕಾಡೆನ್ ಇದಕ್ಕೆ ಮದ್ದು ಅರೆದ. ಹೊಗೆಕೊಳವೆಯನ್ನು ಅಗಲಿಸಿ ಮತ್ತೆ ಕಿರಿದುಗೊಳಿಸಿದರೆ ಒತ್ತಡದ ಅಲೆ ಹಿಂತಿರುಗಿ, ತಪ್ಪಿಸಿಕೊಂಡ ಮಿಶ್ರಣವನ್ನು ಕಿಂಡಿ ಮುಚ್ಚುವ ಮೊದಲೇ ಒಳಗೆ ತಳ್ಳುತ್ತದೆ. ಬಾಟ್ಲಿಯೂ ಇಲ್ಲ, ಪಂಪೂ ಇಲ್ಲ; ಬರೀ ತಗಡಿನ ಆಕಾರ! ಇಷ್ಟು ಚೆಂದದ ಉಪಾಯ ಮೋಟಾರು ಜಗತ್ತಿನಲ್ಲೇ ಇನ್ನೊಂದಿಲ್ಲ ಎನ್ನುತ್ತೇನೆ.

ರಸ್ತೆಯ ಗಾಡಿಗೆ ನಾನು ಅಷ್ಟೆಲ್ಲ ಮಾಡಹೋಗುವುದಿಲ್ಲ. ಕಾರ್ಖಾನೆ ಕೊಟ್ಟ ಉಸಿರನ್ನು ಪೂರ್ತಿ ಮರಳಿಸಿದರೆ ಸಾಕು. ಸೈಲೆನ್ಸರಿನ ಒಳಗೊಳವೆಗೆ ಕಟ್ಟಿದ ಕಾರ್ಬನ್ನನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ತೆಗೆಯಬೇಕು. ಕೈಗವಸು ಹಾಕದೆ ಅದನ್ನು ಮುಟ್ಟಬಾರದು. ಹೊಗೆ ಕಿಂಡಿಯ ಅಂಚನ್ನು ಮರದ ಚಕ್ಕೆಯಿಂದ ಮೆಲ್ಲಗೆ ಕೆರೆಯಬೇಕು, ಸ್ಕ್ರೂಡ್ರೈವರಿನಿಂದಲ್ಲ. ಆಮೇಲೆ ಕಿಡಿಯ ಟೈಮಿಂಗು. ಪಾಯಿಂಟಿನ ನಡುವೆ ಸಿಗರೇಟಿನ ತೆಳುಕಾಗದ ಸಿಕ್ಕಿಸಿ ಮ್ಯಾಗ್ನೆಟ್ಟನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ, ಒಂದು ಕಡೆ ಕಾಗದ ತಾನಾಗಿ ಸಡಿಲುತ್ತದೆ. ಬೆರಳಿಗೆ ಅದು ತಿಳಿಯುವ ಕ್ಷಣಕ್ಕಾಗಿ ಭಾನುವಾರದ ಬೆಳಗನ್ನೆಲ್ಲ ಕೊಡಬಹುದು.

ಜುಲೈನ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಹಳೆಯ ಗಾಡಿಗಳು ಅಂದು ಒಟ್ಟು ಸೇರುತ್ತವೆ. ಹೊಳೆಯುವ ಟ್ಯಾಂಕು ನೋಡುವವರು ನೋಡಲಿ, ನನಗೆ ಮಾತ್ರ ಪ್ಲಗ್ ಬಿಚ್ಚಿ ತೋರಿಸಬೇಕು. ಕರ್‍ರಗೆ ಮಸಿ ಹಿಡಿದಿದ್ದರೆ ಪೆಟ್ರೋಲು ಜಾಸ್ತಿ, ಬೆಳ್ಳಗಿದ್ದರೆ ಕಮ್ಮಿ. ಹದವಾದ ಕಂದು ಬಣ್ಣ ಕಂಡರೆ ಕಾರ್ಬ್ಯುರೇಟರಿಗೆ ಯಾವ ಜೆಟ್ ಹಾಕಿದ್ದೀರಿ ಎಂದು ಕೇಳದೆ ಅಲ್ಲಿಂದ ಕದಲುವುದಿಲ್ಲ.