ಟ್ರಾಲಿ ಮೇಲೆ 14 ಗಂಟೆ

ಕಳೆದ ಸೆಮಿಸ್ಟರ್‌ನಲ್ಲಿ ಒಂದು ರಾತ್ರಿ ನಮ್ಮ ರೂಮ್‌ಮೇಟ್‌ಗೆ ವಿಪರೀತ ಜ್ವರ, ವಾಂತಿ. ನಾವು ನಾಲ್ಕು ಜನ ಎರಡು ಆಟೋ ಹಿಡಿದು 11 ಗಂಟೆಗೆ ಅವನನ್ನು ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋದೆವು.

ಒಳಗೆ ಕಾಲಿಡೋಕೆ ಜಾಗ ಇಲ್ಲ. ಸಿಸ್ಟರ್ ಬಿಪಿ, ಪಲ್ಸ್ ನೋಡಿ "ಕೂತ್ಕೊಳ್ಳಿ, ಕರೀತೀವಿ" ಅಂದರು. ನಮಗಿಂತ ಅರ್ಧ ಗಂಟೆ ಲೇಟಾಗಿ ಬಂದವರು ಎದೆನೋವು ಅಂದಿದ್ದೇ ತಡ, ನೇರ ಒಳಗೆ ಹೋದರು. "ಮೊದ್ಲು ಬಂದಿದ್ದು ನಾವಲ್ವಾ?" ಅಂತ ಸಿಸ್ಟರ್ ಮೇಲೆ ಕೂಗಾಡಿದೆವು. ಬಂದ ಹೊತ್ತು ನೋಡದೆ ಅಪಾಯ ನೋಡಿ ಕರೆಯೋದಕ್ಕೆ ಟ್ರಯಾಜ್ ಅಂತಾರೆ ಅನ್ನೋದು ಆಮೇಲೆ ಗೊತ್ತಾಯ್ತು.

12ಕ್ಕೆ ಡಾಕ್ಟರ್ ನೋಡಿ, ಡ್ರಿಪ್ ಹಾಕಿಸಿ, ಅಡ್ಮಿಟ್ ಅಂತ ಬರೆದರು. ವಾರ್ಡಲ್ಲಿ ಬೆಡ್ ಸಿಕ್ಕಿದ್ದು ಮಾರನೇ ದಿನ ಮಧ್ಯಾಹ್ನ 2ಕ್ಕೆ. ಅಲ್ಲೀವರೆಗೂ ಅವನು ಎಮರ್ಜೆನ್ಸಿಯ ಟ್ರಾಲಿ ಮೇಲೇ. ಬೆಳಗಿನ ಜಾವ ಒಬ್ಬ ಅಜ್ಜ ವೀಲ್‌ಚೇರಲ್ಲೇ ಕೂತು ಟ್ರಾಲಿಗಾಗಿ ಕಾಯ್ತಿದ್ದರು.

ಈ ಸೆಮಿಸ್ಟರ್ ಕ್ಲಾಸಲ್ಲಿ ಲಿಟಲ್ಸ್ ಲಾ ಬಂತು. ಜಾನ್ ಲಿಟಲ್ 1961ರಲ್ಲಿ ಪ್ರೂಫ್ ಕೊಟ್ಟಿದ್ದು. ಒಳಗಿರುವ ಸರಾಸರಿ ಜನ ಅಂದ್ರೆ ಗಂಟೆಗೆ ಬರೋರ ಸಂಖ್ಯೆ ಇಂಟು ಒಬ್ಬೊಬ್ಬರು ಒಳಗೆ ಕಳೆಯೋ ಸರಾಸರಿ ಸಮಯ. ಗಂಟೆಗೆ 6 ಜನ ಬಂದು ತಲಾ 4 ಗಂಟೆ ಇದ್ದರೆ ಒಳಗೆ 24 ಜನ. ಬರೋರನ್ನ ತಡೆಯೋಕಾಗಲ್ಲ. ಸಮಯ 3 ಗಂಟೆಗೆ ಇಳಿದರೆ 18 ಜನ.

ನಮ್ಮ ಕೇಸಲ್ಲಿ ಡಾಕ್ಟರ್‌ಗೆ ಕಾದಿದ್ದು 1 ಗಂಟೆ, ಬೆಡ್‌ಗೆ 14. ಮೇಲೆ ಬೆಡ್ ಖಾಲಿಯಾಗಬೇಕಾದರೆ ರೌಂಡ್ಸ್, ಡಿಸ್ಚಾರ್ಜ್ ಸಮ್ಮರಿ, ಬಿಲ್, ಇನ್ಶೂರೆನ್ಸ್, ಕ್ಲೀನಿಂಗ್ ಎಲ್ಲಾ ಒಂದರ ಹಿಂದೆ ಒಂದು ಮುಗೀಬೇಕು. ಇದನ್ನ ಸರಿ ಮಾಡದೆ ಕೆಳಗೆ ಟ್ರಾಲಿ ಜಾಸ್ತಿ ಮಾಡಿದರೆ ಅವೂ ತುಂಬಿಕೊಳ್ಳುತ್ತವೆ. ಇಂಗ್ಲೆಂಡಿನಲ್ಲಿ ಎಮರ್ಜೆನ್ಸಿಗೆ 4 ಗಂಟೆಯ ಗುರಿ ಇದೆ. ಡಾಕ್ಟರ್ ನೋಡಿದ ತಕ್ಷಣ ಆ ಗಡಿಯಾರ ನಿಲ್ಲಲ್ಲ, ರೋಗಿ ವಾರ್ಡಿಗೋ ಮನೆಗೋ ಹೊರಟಾಗ ನಿಲ್ಲುತ್ತೆ. ಹಾಗಾಗಿ ವಾರ್ಡಿನವರಿಗೂ ಅವಸರ ಇರಲೇಬೇಕು.

ಇಷ್ಟು ಲೆಕ್ಕ ಹಾಕಿ ಆಸ್ಪತ್ರೆಯನ್ನ ಬೈಯೋಣ ಅಂತಿದ್ದಾಗ ಒಂದು ವಿಷಯ ನೆನಪಾಯ್ತು. ನಮ್ಮ ರೂಮ್‌ಮೇಟ್‌ಗೆ ಡಿಸ್ಚಾರ್ಜ್ ಆದ ದಿನ ಬೆಳಿಗ್ಗೆ 10ಕ್ಕೇ "ಬಿಲ್ ಕಟ್ಟಿ ಕರ್ಕೊಂಡ್ ಹೋಗಿ" ಅಂತ ಫೋನ್ ಬಂದಿತ್ತು. ನಾವು ಲ್ಯಾಬ್ ಮುಗಿಸಿ, ಕ್ಯಾಂಟೀನಲ್ಲಿ ಊಟ ಮಾಡಿ, ಆರಾಮಾಗಿ ಸಂಜೆ 4ಕ್ಕೆ ಹೋದೆವು. ಆ 6 ಗಂಟೆ ಅವನು ಬಟ್ಟೆ ಬದಲಾಯಿಸಿಕೊಂಡು ಬೆಡ್ ಮೇಲೆ ಮೊಬೈಲ್ ನೋಡ್ತಾ ಕೂತಿದ್ದ. ಕೆಳಗೆ ಟ್ರಾಲಿ ಮೇಲೆ ಯಾರಿದ್ದರೋ, ವೀಲ್‌ಚೇರಲ್ಲಿ ಯಾವ ಅಜ್ಜ ಇದ್ದರೋ, ಅವತ್ತು ನಾವ್ಯಾರೂ ಯೋಚನೆ ಮಾಡಲಿಲ್ಲ.