ಹಣೆಬರಹವೂ ಹೆಲ್ಮೆಟ್ಟೂ

ನಮ್ಮ ಜನಕ್ಕೆ ಹಣೆಯ ಮೇಲಿರುವಷ್ಟು ವಿಶ್ವಾಸ ತಲೆಯ ಬೇರೆ ಯಾವ ಭಾಗದ ಮೇಲೂ ಇಲ್ಲ. ಮದುವೆ ಕೂಡಿಬಂದರೂ ಹಣೆಬರಹ, ಮುರಿದುಬಿದ್ದರೂ ಹಣೆಬರಹ; ಮಗ ಪಾಸಾದರೆ ಅವನ ಬುದ್ಧಿ, ನಪಾಸಾದರೆ ನಮ್ಮ ಹಣೆಬರಹ. ಬ್ರಹ್ಮ ಬರೆದದ್ದನ್ನು ಅಳಿಸುವವರು ಯಾರು ಎಂದು ಕೇಳುವ ಮಹನೀಯರೇ ಮಗನಿಗೆ ಮನೆಪಾಠಕ್ಕೆ ಏರ್ಪಾಡು ಮಾಡುತ್ತಾರೆ, ಜ್ವರಕ್ಕೆ ಮಾತ್ರೆ ನುಂಗುತ್ತಾರೆ, ಊರಿಗೆ ಹೊರಟರೆ ಬಾಗಿಲಿಗೆ ಎರಡು ಬೀಗ ಹಾಕುತ್ತಾರೆ. ಎಂದರೆ, ಬ್ರಹ್ಮಲಿಪಿಯಲ್ಲಿ ಅಲ್ಲಲ್ಲಿ ತಿದ್ದುಪಡಿಗೆ ಅವಕಾಶವಿದೆ ಎಂಬುದು ಅವರಿಗೂ ಗೊತ್ತು. ಆದರೆ ರಸ್ತೆಯ ಮೇಲೆ ಸಾವು ಬಂದಾಗ ಮಾತ್ರ ಆ ಲಿಪಿ ಕಲ್ಲಿನ ಶಾಸನವಾಗಿಬಿಡುತ್ತದೆ. ಒಂದು ನಿಟ್ಟುಸಿರು ಬಿಟ್ಟು ಕೈತೊಳೆದುಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ನಿವೃತ್ತ ಮೇಷ್ಟರೊಬ್ಬರು ಮಗನ ಸ್ಕೂಟರಿನ ಹಿಂದೆ ಕುಳಿತು ಬ್ಯಾಂಕಿಗೆ ಹೊರಟರು. ಬ್ಯಾಂಕು ಮನೆಯಿಂದ ಒಂದು ಕಿಲೋಮೀಟರೂ ಇಲ್ಲ. ದಾರಿಯಲ್ಲಿ ನಾಯಿಯೊಂದು ಅಡ್ಡ ಬಂತು; ಮಗ ಬ್ರೇಕು ಒತ್ತಿದ; ಇಬ್ಬರೂ ಬಿದ್ದರು. ಮಗನ ತಲೆಯ ಮೇಲೆ ಹೆಲ್ಮೆಟ್ಟಿತ್ತು. ಅವನು ಮೊಣಕೈ ತರಚಿಕೊಂಡು ಎದ್ದ. ಮೇಷ್ಟರು ಏಳಲಿಲ್ಲ. ಹೊರಗೆ ಹೇಳಿಕೊಳ್ಳುವಂಥ ಗಾಯವಿರಲಿಲ್ಲ. ಉಟ್ಟ ಪಂಚೆಯ ಅಂಚು ಕೂಡ ಹರಿದಿರಲಿಲ್ಲ. ಮೂರನೆಯ ದಿನ ತೀರಿಕೊಂಡರು.

ನೋಡಲು ಬಂದವರೆಲ್ಲ ಆ ಹುಡುಗನ ಬೆನ್ನು ಸವರಿ, "ಅವರ ಆಯುಷ್ಯ ಅಷ್ಟೇ ಇತ್ತಪ್ಪ, ನೀನೇನು ಮಾಡೋಕಾಗ್ತಿತ್ತು?" ಎಂದರು. ನಾನು ಅಲ್ಲಿಯೇ ಗೋಡೆಗೊರಗಿ ಕುಳಿತಿದ್ದೆ. ಆ ಮಾತನ್ನು ನಂಬುವುದು ನನಗೆ ಸಾಧ್ಯವಾಗಲಿಲ್ಲ. ಆದರೂ ಆ ಹೊತ್ತಿಗೆ ಅವನಿಗೆ ಬೇಕಾಗಿದ್ದದ್ದು ಆ ಮಾತೇ. ಸಾವಿನ ಮನೆಯಲ್ಲಿ ಹಣೆಬರಹ ಮಾಡುವ ಉಪಕಾರವನ್ನು ಯಾವ ವಿಜ್ಞಾನವೂ ಮಾಡಲಾರದು. ಆದರೆ ವೈಕುಂಠ ಸಮಾರಾಧನೆಯ ದಿನ ಊಟ ಮುಗಿಸಿ ಹೊರಟವರಲ್ಲಿ ಆರೇಳು ಮಂದಿ ಬರಿದಲೆಯಲ್ಲೇ ಸ್ಕೂಟರುಗಳ ಹಿಂದೆ ಕುಳಿತು ಹೋದದ್ದನ್ನು ಕಂಡಾಗ, ಸತ್ತವರ ಮನೆಯಲ್ಲಿ ಔಷಧಿಯಾದ ಮಾತು ಬದುಕಿರುವವರ ಬೀದಿಯಲ್ಲಿ ವಿಷವಾಗುತ್ತದೆಯೇ ಎಂಬ ಸಂದೇಹ ನನ್ನಲ್ಲಿ ಹುಟ್ಟಿತು.

ಈ ಸಂದೇಹವನ್ನು ಹೊತ್ತುಕೊಂಡು ಪುಸ್ತಕಗಳಲ್ಲಿ ತಡಕಾಡುತ್ತಿದ್ದಾಗ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯರ ಪರಿಚಯವಾಯಿತು. ಹಣೆಬರಹವನ್ನು ನಿಜವಾಗಿಯೂ ಓದಲು ಕುಳಿತವರು ಇವರು. ಹುಟ್ಟಿದ್ದು ಆಸ್ಟ್ರೇಲಿಯದಲ್ಲಿ, ಹೆಸರು ಮಾಡಿದ್ದು ಇಂಗ್ಲೆಂಡಿನಲ್ಲಿ. 1935ರ ಮೇ 13ರಂದು 'ಅರೇಬಿಯದ ಲಾರೆನ್ಸ್' ಎಂದು ಲೋಕಪ್ರಸಿದ್ಧನಾದ ಟಿ. ಇ. ಲಾರೆನ್ಸ್ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ, ಬೈಸಿಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಉರುಳಿಬಿದ್ದ. ತಲೆಗೆ ಯಾವ ರಕ್ಷಣೆಯೂ ಇರಲಿಲ್ಲ. ಆರು ದಿನ ಎಚ್ಚರವಿಲ್ಲದೆ ಮಲಗಿದ್ದು, ಮೇ 19ರಂದು ಸತ್ತ. ಅವನನ್ನು ನೋಡಲು ಕರೆಸಿದ ವೈದ್ಯರಲ್ಲಿ ಕೇರ್ನ್ಸರೂ ಒಬ್ಬರು.

ಆಮೇಲೆ ಯುದ್ಧ ಬಂತು. ದೀಪಗಳನ್ನು ಮರೆಮಾಡಿದ ಇಂಗ್ಲೆಂಡಿನ ಕತ್ತಲ ರಸ್ತೆಗಳಲ್ಲಿ ಸೈನ್ಯದ ಓಲೆಕಾರರು ಮೋಟಾರ್ ಸೈಕಲ್ಲು ಓಡಿಸಬೇಕಾಯಿತು. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತ ಮೋಟಾರ್ ಸೈಕಲ್ ಸವಾರರೂ ಹಿಂಬದಿಯಲ್ಲಿ ಕುಳಿತವರೂ ಸೇರಿ 2,279 ಮಂದಿ. ಶತ್ರುವಿನ ಗುಂಡಿಗೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. ಬಹುಪಾಲಿನವರನ್ನು ಕೊಂದದ್ದು ತಲೆಯ ಪೆಟ್ಟು. ಕೇರ್ನ್ಸರು ನೋಡಿದ ಗಾಯಾಳುಗಳಲ್ಲಿ ಹೆಲ್ಮೆಟ್ಟು ಧರಿಸಿದ್ದವರು ಏಳೇ ಜನ. ಏಳು ಜನರೂ ಬದುಕಿದ್ದರು. 1941ರಲ್ಲಿ ಅವರು ಇದನ್ನು ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಬರೆದರು. ಏಳೆಂಬುದು ಲೆಕ್ಕಶಾಸ್ತ್ರಜ್ಞರು ಮೂಗು ಮುರಿಯುವಷ್ಟು ಸಣ್ಣ ಸಂಖ್ಯೆ. ಆದರೂ ಅದೇ ವರ್ಷದ ನವೆಂಬರಿನಲ್ಲಿ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ಟು ಕಡ್ಡಾಯ ಮಾಡಿತು. 1946ರಲ್ಲಿ ಕೇರ್ನ್ಸರು ತಿಂಗಳು ತಿಂಗಳ ಸಾವಿನ ಲೆಕ್ಕವನ್ನು ರೇಖೆಯಾಗಿ ಬರೆದು ತೋರಿಸಿದರು. ಆಜ್ಞೆ ಹೊರಟ ಮೇಲೆ ಆ ರೇಖೆ ಇಳಿಯುತ್ತಾ ಬಂದಿತ್ತು.

ಯುದ್ಧಕಾಲದಲ್ಲಿ ಪೆಟ್ರೋಲಿಗೂ ಬರ ಬಂದಿತ್ತಲ್ಲ, ಓಡಾಟ ತಗ್ಗಿದ್ದರಿಂದ ಸಾವೂ ತಗ್ಗಿರಬಹುದಲ್ಲ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆಂದೇ ವಿದ್ವಾಂಸರು ಒಬ್ಬರ ಲೆಕ್ಕವನ್ನು ನಂಬಿ ಸುಮ್ಮನಾಗುವುದಿಲ್ಲ. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಪರಿಶೀಲನೆಯೊಂದು 2008ರಲ್ಲಿ ಪ್ರಕಟವಾಯಿತು. ಮೋಟಾರ್ ಸೈಕಲ್ ಅಪಘಾತವಾದಾಗ ಹೆಲ್ಮೆಟ್ಟು ಸಾವಿನ ಸಂಭವವನ್ನು ಸುಮಾರು ಶೇಕಡ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವವನ್ನು ಶೇಕಡ 69ರಷ್ಟು ಕಡಿಮೆ ಮಾಡುತ್ತದೆ ಎಂಬುದು ಅದರ ತೀರ್ಮಾನ.

ಗಾಯವೇ ಇಲ್ಲದೆ ಮೇಷ್ಟರು ಸತ್ತದ್ದು ಹೇಗೆ? ಅದಕ್ಕೂ ಉತ್ತರವಿದೆ. ಕೇರ್ನ್ಸರ ಜೊತೆಗಾರರಾದ ಹೋಲ್ಬೋರ್ನ್ ಎಂಬ ಭೌತವಿಜ್ಞಾನಿ ಜೆಲಟಿನ್ನಿನಿಂದ ಮಿದುಳಿನ ಮಾದರಿ ಮಾಡಿ ಪರೀಕ್ಷಿಸಿದರು. ನಮ್ಮ ಹಾಲುಬಾಯಿಯನ್ನು ನೆನೆಸಿಕೊಳ್ಳಿ. ಅದನ್ನಿಟ್ಟ ಡಬ್ಬಿಯನ್ನು ಗಕ್ಕನೆ ತಿರುಗಿಸಿ ನಿಲ್ಲಿಸಿದರೆ ಡಬ್ಬಿಗೆ ಏನೂ ಆಗುವುದಿಲ್ಲ, ಒಳಗಿನದು ಬಿರಿಯುತ್ತದೆ. ತಲೆಬುರುಡೆ ಒಡೆಯಲೇಬೇಕೆಂಬ ನಿಯಮವಿಲ್ಲ. ಹೆಲ್ಮೆಟ್ಟಿನ ಗಟ್ಟಿ ಚಿಪ್ಪಿಗಿಂತ ಒಳಗಿನ ಥರ್ಮೋಕೋಲಿನಂಥ ಪದರವೇ ಮುಖ್ಯ: ಚೆಂಡು ಹಿಡಿಯುವ ಹುಡುಗ ಕೈಯನ್ನು ಹಿಂದಕ್ಕೆಳೆದುಕೊಂಡು ಪೆಟ್ಟನ್ನು ಸಾವಕಾಶ ಮಾಡುವಂತೆ, ಅದು ತಾನು ಕುಸಿದು ತಲೆ ನಿಲ್ಲುವುದಕ್ಕೆ ಒಂದಿಷ್ಟು ಹೆಚ್ಚು ಕಾಲ ಕೊಡುತ್ತದೆ. ಕ್ಷಣದ ಸಣ್ಣದೊಂದು ಭಾಗ, ಅಷ್ಟೇ. ಒಮ್ಮೆ ಕುಸಿದದ್ದು ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಬಿಸಾಡಬೇಕು.

1966ರಲ್ಲಿ ಅಮೆರಿಕದ ರಸ್ತೆಸುರಕ್ಷತೆಯ ಹೊಸ ಇಲಾಖೆಗೆ ಮುಖ್ಯಸ್ಥರಾದ ವಿಲಿಯಂ ಹ್ಯಾಡನ್ ಎಂಬ ವೈದ್ಯರು ಇದನ್ನೇ ವಿಸ್ತರಿಸಿ ಹೇಳಿದರು: ಅಪಘಾತಕ್ಕೆ ಮೊದಲು, ಅಪಘಾತದಲ್ಲಿ, ಅಪಘಾತದ ನಂತರ ಎಂದು ಮೂರು ಘಟ್ಟಗಳಿವೆ, ಒಂದೊಂದರಲ್ಲೂ ಮನುಷ್ಯ, ವಾಹನ, ಸುತ್ತಲಿನ ಪರಿಸರ ಮೂರನ್ನೂ ನೋಡಬೇಕು. ನಾಯಿ ಅಡ್ಡ ಬಂದದ್ದು ವಿಧಿಯೇ ಇರಲಿ. ಬಿದ್ದ ಮೇಲೆ ಏನಾಗಬೇಕೆಂಬುದು ಬೇರೆಯೇ ಲೆಕ್ಕ, ಅದು ವಿಧಿಯ ಖಾತೆಯದಲ್ಲ.

ಆದರೆ ತಿಳಿವಳಿಕೆ ಕಾಲ್ನಡಿಗೆಯಲ್ಲಿ ಬರುತ್ತದೆ. ಬ್ರಿಟನ್ನಿನಲ್ಲೇ ಎಲ್ಲ ಸವಾರರಿಗೂ ಹೆಲ್ಮೆಟ್ಟು ಕಡ್ಡಾಯವಾದದ್ದು 1973ರಲ್ಲಿ. ಕೇರ್ನ್ಸರು 1952ರಲ್ಲೇ ತೀರಿಕೊಂಡಿದ್ದರು. ನಮ್ಮ ರಾಜ್ಯದಲ್ಲಿ ಹಿಂದೆ ಕುಳಿತವರಿಗೂ ಹೆಲ್ಮೆಟ್ಟು ಬೇಕೇ ಬೇಕೆಂದು ಸರ್ಕಾರ ಬಿಗಿ ಮಾಡಿದ್ದು 2016ರ ಜನವರಿಯಲ್ಲಿ. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 50,029 ಮಂದಿಯ ತಲೆಯ ಮೇಲೆ ಹೆಲ್ಮೆಟ್ಟಿರಲಿಲ್ಲ. ಅದರಲ್ಲೂ 14,337 ಮಂದಿ ನಮ್ಮ ಮೇಷ್ಟರಂತೆ ಹಿಂದೆ ಕುಳಿತವರು.

ಬೆಂಗಳೂರಿನಲ್ಲಿ ಹೆಲ್ಮೆಟ್ಟಿಗೆ ಬರವೇನೂ ಇಲ್ಲ. ಕೆಲವರದು ಮೊಣಕೈಯನ್ನು ಕಾಪಾಡುತ್ತದೆ, ಕೆಲವರದು ಪೆಟ್ರೋಲ್ ಟ್ಯಾಂಕನ್ನು. ವೃತ್ತದಲ್ಲಿ ಪೊಲೀಸಿನವನ ಬಿಳಿ ಅಂಗಿ ಕಂಡೊಡನೆ ಅದು ತಲೆಗೇರುತ್ತದೆ. ಅವನು ಮರೆಯಾದರೆ ಇಳಿಯುತ್ತದೆ. ಕೂದಲು ಉದುರುತ್ತದೆ, ಮುಡಿದ ಹೂವು ನಲುಗುತ್ತದೆ, ಸೆಕೆ, ಇಲ್ಲೇ ಹತ್ತಿರ... ಈ ಕಾರಣಗಳೆಲ್ಲ ಸುಳ್ಳಲ್ಲ. ಹೂವು ನಲುಗುವುದು ಕಣ್ಣಿಗೆ ಕಾಣುತ್ತದೆ. ಉಳಿದ ಜೀವ ಉಳಿಯಿತೆಂದು ಕಾಣುವುದಿಲ್ಲ, ಕಷ್ಟ ಇರುವುದು ಇಲ್ಲಿಯೇ. ಶಸ್ತ್ರವೈದ್ಯರು ಬದುಕಿಸಿದವನು ಬಂದು ಕಾಲಿಗೆ ಬೀಳುತ್ತಾನೆ. ಲೆಕ್ಕ ಬರೆದು ಬದುಕಿಸಿದವರಿಗೆ ಯಾರು ಬೀಳುತ್ತಾರೆ? ಇವತ್ತು ಯಾವುದೋ ತಿರುವಿನಲ್ಲಿ ಬಿದ್ದು, ಧೂಳು ಕೊಡವಿಕೊಂಡು ಆಫೀಸಿಗೆ ಹೋದವನು ಸಂಜೆ ಮನೆಯಲ್ಲಿ ಆ ಮಾತನ್ನು ಹೇಳದೆಯೂ ಇರಬಹುದು.

ಕನ್ನಡಿಗರು ಮನೆಯಿಂದ ಹೊರಡುವವರಿಗೆ 'ಹೋಗು' ಎನ್ನುವುದಿಲ್ಲ, 'ಹೋಗಿ ಬಾ' ಎನ್ನುತ್ತೇವೆ. ಹೊರಡುವವರೂ 'ಬರುತ್ತೇನೆ' ಎಂದೇ ಹೇಳಬೇಕು. ನಮ್ಮ ಮನೆಯಲ್ಲಿ ಈಗ ಅದಕ್ಕೆ ಒಂದು ಬಾಲ ಸೇರಿಕೊಂಡಿದೆ. ಸೊಸೆ ಸ್ಕೂಟರು ತೆಗೆದಾಗ, ಮೊಮ್ಮಗಳು ಹಿಂದೆ ಹತ್ತಿದಾಗ, "ಹೋಗಿ ಬನ್ನಿ, ಪಟ್ಟಿ ಬಿಗಿದುಕೊಳ್ಳಿ" ಎನ್ನುತ್ತೇನೆ. "ಆಯ್ತು ತಾತ, ದಿನಾ ಅದೇ ಹೇಳ್ತೀಯ" ಎಂದು ಮೊಮ್ಮಗಳು ಗದರುತ್ತಾಳೆ. ಗದರಲಿ, ಗಲ್ಲದ ಕೆಳಗೆ ಪಟ್ಟಿ ಟಕ್ಕೆಂದ ಶಬ್ದ ಕೇಳಿದ ಮೇಲೆಯೇ ನಾನು ಗೇಟು ತೆಗೆಯುತ್ತೇನೆ.